ಕುಣಿಸಿದವರ ಹೆಸರು

ಕೊಡಗಿನ ಜಾನಪದದ ಮಾತು ಎಲ್ಲಿಂದ ಶುರುವಾದರೂ ‘ಪಟ್ಟೋಲೆ ಪಳಮೆ’ಗೆ ಬಂದು ನಿಲ್ಲುತ್ತದೆ. ನಿಲ್ಲಬೇಕಾದದ್ದೇ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಬಾಯಿಂದ ಬಾಯಿಗೆ ಸಾಗಿ ಬಂದಿದ್ದ ಹಾಡುಗಳನ್ನು ಕಲೆಹಾಕಿ, ಕನ್ನಡ ಲಿಪಿಯಲ್ಲಿ 1924ರಲ್ಲಿ ಅಚ್ಚು ಹಾಕಿಸದೇ ಹೋಗಿದ್ದರೆ ಮದುವೆ, ಸಾವು, ಪುತ್ತರಿ, ಕೈಲ್‌ಪೊಳ್ದ್‌ಗಳ ಹಾಡುಗಳಲ್ಲಿ ಇವತ್ತಿಗೆ ಎಷ್ಟು ಉಳಿದಿರುತ್ತಿದ್ದವೋ! ಭಾಷಾವಿಜ್ಞಾನಿ ಎಮೆನೋ ಅಂಥವರೂ ಆ ಸಂಗ್ರಹಕ್ಕೆ ತಲೆದೂಗಿದ್ದಾರೆ. ಆದರೆ ಆ ಪುಸ್ತಕದ ಯಶಸ್ಸೇ ನಮ್ಮ ವಿಮರ್ಶೆಗೆ ಒಂದು ಚಾಳಿ ಅಂಟಿಸಿತು: ಅಚ್ಚಾದದ್ದಷ್ಟೇ ಪರಂಪರೆ ಎಂದುಕೊಳ್ಳುವುದು. ಕೊಡವ ಸಂಗೀತವನ್ನು ಕುರಿತು ಬರೆಯುವವರು ಹಾಡಿನ ಪದ, ಪ್ರಾಸ, ಕಥೆ, ವಂಶಾವಳಿಗಳನ್ನು ಬಿಡಿಸಿ ನೋಡುತ್ತಾರೆ. ಮದುವೆಮನೆಯ ಅಂಗಳದಲ್ಲಿ ಕುಪ್ಯಚೇಲೆ ತೊಟ್ಟವರನ್ನೂ ಸೀರೆ ಉಟ್ಟವರನ್ನೂ ಒಟ್ಟಿಗೆ ಕುಣಿಸುವ ವಾದ್ಯಮೇಳವಾದ ವಾಲಗ ಮಾತ್ರ ಅವರ ಬರಹದಲ್ಲಿ ‘ಹಿನ್ನೆಲೆ’ ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತದೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಆ ಸಂಗೀತ ನಿಂತಿರುವುದು ತಾಳದ ಮೇಲೆ. ಅದನ್ನು ಹಿಡಿದು ನಿಲ್ಲಿಸಿದವರ ಹೆಸರು ನಮಗೆ ತಿಳಿಯದಿರುವುದು ಆಕಸ್ಮಿಕವಲ್ಲ.

ದುಡಿ ಇದೆಯಲ್ಲ, ಕೊಡವರು ತಾಳವನ್ನು ಗೌರವಿಸಿಯೇ ಇದ್ದಾರಲ್ಲ ಎನ್ನಬಹುದು. ನಿಜ. ಬಾಳೋಪಾಟ್ ಹಾಡುವ ನಾಲ್ವರು ನಡು ಸಣ್ಣಗಿರುವ ಆ ಪುಟ್ಟ ವಾದ್ಯವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಕೋಲಿನಿಂದ ಬಾರಿಸುತ್ತಲೇ ಹಾಡುತ್ತಾರೆ. ಬೊಳಕಾಟ್ ಕುಣಿತಕ್ಕೂ ದುಡಿ ಬೇಕು. ಆದರೆ ಬಾಳೋಪಾಟ್‌ನಲ್ಲಿ ದುಡಿ ಪದದ ಹಿಂದೆ ನಡೆಯುತ್ತದೆ. ಸಾಲು ಮುಗಿಯುವವರೆಗೆ ಉಸಿರನ್ನು ಅಳೆದುಕೊಡುವುದು ಅದರ ಕೆಲಸ. ವಾಲಗದಲ್ಲಿ ಪದವೇ ಇಲ್ಲ. ಊದುವ ವಾದ್ಯ ಮೇಲೆ ರಾಗ ಎಳೆಯುತ್ತಿದ್ದರೆ ಕೆಳಗೆ ಚರ್ಮವಾದ್ಯಗಳು ಒಂದೇ ಚಿಕ್ಕ ವರಸೆಯನ್ನು ಮತ್ತೆ ಮತ್ತೆ ಸುತ್ತಿಸುತ್ತವೆ. ಕೇಳುವವನ ಗಮನವೆಲ್ಲ ರಾಗದ ಕಡೆಗೆ, ಕುಣಿಯುವವನ ಕಾಲು ಮಾತ್ರ ಆ ಸುತ್ತಿನ ಹತ್ತಿರ. ಇನ್ನೂ ಒಂದು ವ್ಯತ್ಯಾಸವಿದೆ, ಅದೇ ಮುಖ್ಯ. ದುಡಿ ಬಾರಿಸುವುದು ಕೊಡವರೇ. ವಾಲಗಕ್ಕೆ ಬರುತ್ತಿದ್ದವರು ಮೇದ, ಕೆಂಬಟ್ಟಿ ಮೊದಲಾದ ಸಮುದಾಯದವರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1952ರ ತಮ್ಮ ಪ್ರಸಿದ್ಧ ಅಧ್ಯಯನದಲ್ಲಿ ಕೊಡವರ ಆಚರಣೆಗಳಲ್ಲಿ ಬೇರೆ ಬೇರೆ ಜಾತಿಗಳಿಗೆ ಹಂಚಿಕೆಯಾಗಿದ್ದ ಕೆಲಸಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಅಲ್ಲಿ ವಾದ್ಯದವರು ಸಿಗುತ್ತಾರೆ, ಆದರೆ ಜಾತಿಯಾಗಿ, ಒಂದು ಕೆಲಸವಾಗಿ. ಅವರಲ್ಲಿ ಕಲಾವಿದನನ್ನು ಹುಡುಕುವುದು ಸಮಾಜಶಾಸ್ತ್ರದ ಹೊಣೆಯಲ್ಲ ಎನ್ನೋಣ. ಅದು ವಿಮರ್ಶೆಯ ಹೊಣೆಯಾಗಿತ್ತು.

ಈ ಬಗೆಯ ಮರೆವಿಗೆ ದೂರದ ಒಂದು ಉದಾಹರಣೆ ಬೆಳಕು ಕೊಡುತ್ತದೆ. ಅಮೆರಿಕದ ಕಪ್ಪು ಜನರ ಫಂಕ್ ಸಂಗೀತದಲ್ಲಿ ಕುಣಿಸುವ ಕೆಲಸ ಬೇಸ್ ಗಿಟಾರಿನದು. ಫಂಕ್‌ಗೆ ನೆಲ ಹದ ಮಾಡಿದ ಮೋಟೌನ್ ಕಂಪನಿಯ ಎಷ್ಟೋ ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ಆ ಕಂಪನಿಯ ದೊಡ್ಡ ಆಲ್ಬಂ ಒಂದರ ಹೊದಿಕೆಯ ಮೇಲೆ ಮುದ್ರಣವಾಗಲು 1971 ಬರಬೇಕಾಯಿತು. ಸಿನ್ಸಿನಾಟಿಯ ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಕಥೆ ಇನ್ನೂ ಚುರುಕು. 1970ರ ಮಾರ್ಚ್‌ನಲ್ಲಿ ಗಾಯಕ ಜೇಮ್ಸ್ ಬ್ರೌನ್ ತಂಡದವರು ಸಂಬಳದ ವಿಷಯಕ್ಕೆ ತಿರುಗಿಬಿದ್ದಾಗ, ಅವರ ಜಾಗಕ್ಕೆ ತರಾತುರಿಯಲ್ಲಿ ಕರೆಸಿಕೊಂಡ ಹುಡುಗರಲ್ಲಿ ಬೂಟ್ಸಿಯೂ ಒಬ್ಬ. ಆಗ ಅವನಿಗೆ ಹದಿನೆಂಟು. ಬ್ರೌನ್ ಬಳಿ ಅವನಿದ್ದದ್ದು ಒಂದು ವರ್ಷಕ್ಕೂ ಕಡಿಮೆ, ಕಲಿತದ್ದು ಜೀವನಕ್ಕಾಗುವಷ್ಟು. ಆವರ್ತದ ಮೊದಲ ಪೆಟ್ಟಿನ ಮೇಲೆ ಎಲ್ಲರೂ ಒಟ್ಟಿಗೆ ಬಂದು ಕೂರಬೇಕು, ಮಿಕ್ಕ ಜಾಗದಲ್ಲಿ ಏನು ಬೇಕಾದರೂ ಆಟವಾಡಬಹುದು ಎಂಬುದು ಆ ಪಾಠ. ನಮ್ಮವರಿಗೆ ಇದನ್ನು ಸಮದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾದೀತು. ಆ ಪಾಠವನ್ನು ಜಾರ್ಜ್ ಕ್ಲಿಂಟನ್ ತಂಡಕ್ಕೆ ಒಯ್ದು, 1976ರಲ್ಲಿ ಬೂಟ್ಸಿ ತನ್ನದೇ ಹೆಸರಿನ ತಂಡದ ಮೊದಲ ಆಲ್ಬಂ ಹೊರತಂದ. ನಕ್ಷತ್ರಾಕಾರದ ಬೇಸ್ ಹಿಡಿದು ವೇದಿಕೆಯ ಮುಂದಕ್ಕೇ ಬಂದು ನಿಂತ. ಹಿಂದೆ ನಿಂತು ನುಡಿಸುವವನೂ ಒಂದು ಶೈಲಿಯ ಕರ್ತೃವಾಗಬಲ್ಲ ಎಂಬುದನ್ನು ಕೇಳುಗರು ಒಪ್ಪಿಕೊಂಡದ್ದು ಹೀಗೆ, ಒಂದೊಂದೇ ಹೆಸರಿನ ಮೂಲಕ.

ಹೋಲಿಕೆ ಸರಿಯಲ್ಲ, ಫಂಕ್ ಮಾರುಕಟ್ಟೆಯ ಕಲೆ, ವಾಲಗ ಆಚರಣೆಯ ಕಲೆ, ಆಚರಣೆಯಲ್ಲಿ ವ್ಯಕ್ತಿ ಕರಗಿಹೋಗುವುದೇ ಸೊಗಸು ಎಂಬ ಆಕ್ಷೇಪ ಬಂದೇ ಬರುತ್ತದೆ. ಬೇರೆಡೆ ಈ ಮಾತಿಗೆ ತೂಕವಿದ್ದೀತು, ಕೊಡಗಿನಲ್ಲಿ ಇಲ್ಲ. ಅನಾಮಿಕತೆಗೆ ಅಷ್ಟೇನೂ ಬೆಲೆ ಕೊಡದ ನಾಡು ಅದು. ಒಕ್ಕದ, ಅಂದರೆ ಮನೆತನದ, ಹೆಸರಿಲ್ಲದೆ ಒಬ್ಬ ಕೊಡವನನ್ನು ಪರಿಚಯಿಸುವುದೇ ಕಷ್ಟ. ಐನ್‌ಮನೆಯ ಕಾರಣವರಿಗೆ, ಅಂದರೆ ಪೂರ್ವಿಕರಿಗೆ, ಹೆಸರು ಹೇಳಿಯೇ ಎಡೆ ಇಡುತ್ತಾರೆ. ಸಂಗ್ರಹಕಾರ ನಡಿಕೇರಿಯಂಡದವರು, ನಾಟಕಕಾರ ಅಪ್ಪಚ್ಚ ಕವಿ ಅಪ್ಪನೆರವಂಡದವರು ಎಂದು ಓದುಗರೆಲ್ಲ ಬಲ್ಲರು. ಇಷ್ಟೊಂದು ಹೆಸರುಗಳ ನಡುವೆ ಹೆಸರಿಲ್ಲದೆ ಉಳಿದವರನ್ನು ಸೌಂದರ್ಯದ ಹೆಸರಿನಲ್ಲಿ ಸಮರ್ಥಿಸುವುದು ಜಾಣತನವಾದೀತೇ ಹೊರತು ಪ್ರಾಮಾಣಿಕತೆಯಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ವಾಲಗ ಹಲವರಿಗೆ ಆಯ್ದುಕೊಂಡ ಕಲೆಯಾಗಿರಲಿಲ್ಲ, ಹುಟ್ಟಿನೊಂದಿಗೆ ಹೆಗಲಿಗೇರಿದ ಚಾಕರಿಯಾಗಿತ್ತು. ಮಕ್ಕಳು ಅದನ್ನು ಬಿಟ್ಟು ಬೇರೆ ಕೆಲಸ ಹಿಡಿದರೆ ಅದು ಬಿಡುಗಡೆ. ಪರಂಪರೆ ಅಳಿಯಿತೆಂದು ಅಳುವ ಹಕ್ಕು ಕುಣಿದವರಿಗೆ ಎಲ್ಲಿದೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಅದು ನನ್ನ ವಾದವನ್ನು ಕೆಡವುವುದಿಲ್ಲ, ದಿಕ್ಕು ತಿದ್ದುತ್ತದೆ. ಉಳಿಸಬೇಕಾದದ್ದು ಜಾತಿಯ ಹಂಚಿಕೆಯನ್ನಲ್ಲ, ವಿದ್ಯೆಯನ್ನು. ವಿದ್ಯೆಗೆ ಕೂಲಿ ಬೇಕು, ಲೇಖಕನಿಗಿರುವಂತೆ ಹೆಸರಿನ ಹಕ್ಕೂ ಬೇಕು. ಬ್ರೌನ್ ತಂಡದವರ ಜಗಳವೂ ಸಂಬಳದ್ದೇ ಆಗಿತ್ತೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

2023ರ ಪದ್ಮಶ್ರೀ ಪಟ್ಟಿಯಲ್ಲಿ ಕರ್ನಾಟಕದ ಇಬ್ಬರು ಜನಪದ ಕಲಾವಿದರ ಹೆಸರು ಒಟ್ಟಿಗೆ ಬಂತು. ಕೊಡಗಿನಿಂದ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯ, ಚಿಕ್ಕಬಳ್ಳಾಪುರದ ಕಡೆಯಿಂದ ತಮಟೆಯ ಮುನಿವೆಂಕಟಪ್ಪ. ಇಬ್ಬರೂ ಅರ್ಹರೇ. ಸಾವಿನ ಮೆರವಣಿಗೆಯ ವಾದ್ಯವೆಂದು ದೂರ ಇಟ್ಟಿದ್ದ ತಮಟೆ ಒಬ್ಬ ವ್ಯಕ್ತಿಯ ಹೆಸರಿನೊಂದಿಗೆ ರಾಷ್ಟ್ರಪತಿ ಭವನಕ್ಕೆ ಹೋಗಬಹುದಾದರೆ ವಾಲಗಕ್ಕೆ ಅಡ್ಡಿಯಾಗಿರುವುದು ವಾದ್ಯದ ಸ್ವಭಾವವಲ್ಲ ಎಂದಾಯಿತು. ಈಗ ವಾಲಗಕ್ಕೆ ಕುಣಿಯುವ ವಾಲಗತಾಟ್ ಸ್ಪರ್ಧೆಗಳು ನಡೆಯುತ್ತವೆ, ಬೆಂಗಳೂರಿನ ಮದುವೆ ಹಾಲ್‌ಗಳಲ್ಲೂ ವಾಲಗ ಕೇಳಿಸುತ್ತದೆ, ಮೊಬೈಲಿನಲ್ಲಿ ಬೇಕಾದಷ್ಟು ಧ್ವನಿಮುದ್ರಣಗಳಿವೆ. ಇಷ್ಟಿದ್ದರೂ ಸ್ಪರ್ಧೆಯಲ್ಲಿ ಅಂಕ ಕೊಡುವುದು ಹೆಜ್ಜೆಗೆ. ಮದುವೆಯ ವರಸೆ ಸಾವಿನ ಮನೆಯದಕ್ಕಿಂತ ಎಲ್ಲಿ ಬೇರೆಯಾಗುತ್ತದೆ, ಒಂದು ನಾಡಿನ ವಾಲಗದವರು ಪಕ್ಕದ ನಾಡಿನವರಿಗಿಂತ ಯಾವ ಪೆಟ್ಟನ್ನು ಹಿಂದಕ್ಕೆಳೆಯುತ್ತಾರೆ, ಕುಣಿತ ಸೋತಾಗ ವೇಗ ಏರಿಸುವ ಸನ್ನೆಯನ್ನು ತಂಡದಲ್ಲಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ನುಡಿಸುವವರೇ. ಚಿಣ್ಣಪ್ಪ ಹಾಡುಗಾರರ ಮುಂದೆ ಕೂತು ಬರೆದುಕೊಂಡಂತೆ ಅವರ ಮುಂದೆಯೂ ಕೂರಬೇಕು. ಬರೆದುಕೊಂಡ ಪ್ರತಿ ವರಸೆಯ ಪಕ್ಕದಲ್ಲಿ ಅದನ್ನು ನುಡಿಸಿದವರ ಹೆಸರು, ಊರು ಇರಬೇಕು, ಸಂಭಾವನೆಯನ್ನೂ ಮೊದಲೇ ಮಾತಾಡಿಕೊಂಡಿರಬೇಕು.