ಹರಳೆಣ್ಣೆಯಲ್ಲಿ ಇಳಿಯುವ ಗುಂಡು: ಒಂದು ಪ್ರಯೋಗದ ವಿಮರ್ಶೆ

ಉದ್ದನೆಯ ಗಾಜಿನ ಕೊಳವೆ, ಅದರ ತುಂಬ ಹರಳೆಣ್ಣೆ, ಬೇರೆ ಬೇರೆ ಗಾತ್ರದ ಉಕ್ಕಿನ ಗುಂಡುಗಳು, ಒಂದು ಸ್ಕ್ರೂ ಗೇಜ್, ಒಂದು ಸ್ಟಾಪ್‌ವಾಚ್. ಪಿಯುಸಿ, ಬಿಎಸ್ಸಿ ಲ್ಯಾಬ್‌ಗಳಲ್ಲಿ ಎಣ್ಣೆಯ ಸ್ನಿಗ್ಧತೆಯನ್ನು ಅಳೆಯಲು ಇಷ್ಟು ಸಾಕು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಭೌತಶಾಸ್ತ್ರ ಕಲಿಸಬಲ್ಲ ಪ್ರಯೋಗಗಳು ವಿರಳ. ಆದರೆ ನಾವು ಅದನ್ನು ಮಾಡಿಸುವ ರೀತಿಯಲ್ಲಿ ಆ ಕಲಿಕೆಯ ಬಹುಪಾಲು ಸೋರಿಹೋಗುತ್ತಿದೆ.

ಪ್ರಯೋಗದ ಹಿಂದಿರುವುದು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ಪ್ರಬಂಧ. ಅವರ ಮುಖ್ಯ ಚಿಂತೆ ಲೋಲಕದ್ದು: ಗುರುತ್ವವನ್ನು ನಿಖರವಾಗಿ ಅಳೆಯುವ ಲೋಲಕವನ್ನು ಸುತ್ತಲಿನ ಗಾಳಿ ಎಷ್ಟು ತಡೆಯುತ್ತದೆ ಎಂಬ ಪ್ರಶ್ನೆ. ಅದೇ ಲೆಕ್ಕದಿಂದ, ಒಂದೇ ವೇಗದಲ್ಲಿ ನಿಧಾನವಾಗಿ ಚಲಿಸುವ ಗೋಳಕ್ಕೆ ದ್ರವ ಒಡ್ಡುವ ತಡೆ 6πηrv (η ಸ್ನಿಗ್ಧತೆ, r ಗೋಳದ ತ್ರಿಜ್ಯ, v ವೇಗ) ಎಂಬ ಸೂತ್ರ ಹೊರಬಂತು. ಈ ತಡೆಯ ಮೂರರಲ್ಲಿ ಒಂದು ಭಾಗ ಮುಂದಿನ ಮತ್ತು ಹಿಂದಿನ ಒತ್ತಡದ ವ್ಯತ್ಯಾಸದ್ದು, ಉಳಿದ ಎರಡು ಭಾಗ ಮೇಲ್ಮೈಯ ಘರ್ಷಣೆಯದ್ದು. ಮೋಡದ ಸಣ್ಣ ಹನಿಗಳು ಏಕೆ ತಟ್ಟನೆ ನೆಲಕ್ಕೆ ಬೀಳುವುದಿಲ್ಲ ಎಂಬುದಕ್ಕೂ ಸ್ಟೋಕ್ಸ್ ಇದರಿಂದಲೇ ಉತ್ತರ ಕೊಟ್ಟರು. ಆದರೆ ಸೂತ್ರಕ್ಕೆ ಷರತ್ತುಗಳಿವೆ: ಚಲನೆ ತೀರಾ ನಿಧಾನವಾಗಿರಬೇಕು, ದ್ರವಕ್ಕೆ ಅಂಚೇ ಇರಬಾರದು. ರೆಕಾರ್ಡ್ ಪುಸ್ತಕದಲ್ಲಿ ಸೂತ್ರ ಉಳಿದಿದೆ, ಷರತ್ತುಗಳು ಮಾಯವಾಗಿವೆ.

ಮೊದಲು ಅಂತಿಮ ವೇಗದ, ಅಂದರೆ ಗುಂಡು ಕೊನೆಗೆ ತಲುಪುವ ಬದಲಾಗದ ವೇಗದ ವಿಚಾರ. ಗುಂಡು ಆ ವೇಗಕ್ಕೆ ಬರಲೆಂದೇ ಕೊಳವೆಯ ಮೇಲ್ಭಾಗವನ್ನು ಬಿಟ್ಟು ಅಳೆಯುತ್ತೇವೆ ಎಂದು ವೈವಾದಲ್ಲಿ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 30 ಡಿಗ್ರಿ ಸೆಲ್ಸಿಯಸ್‌ನ ಹರಳೆಣ್ಣೆಯಲ್ಲಿ 2 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಸೆಕೆಂಡಿನ ಐವತ್ತನೇ ಒಂದು ಭಾಗದೊಳಗೆ, ಒಂದು ಮಿಲಿಮೀಟರ್ ಇಳಿಯುವ ಮೊದಲೇ, ಸೆಕೆಂಡಿಗೆ ಸುಮಾರು 3.3 ಸೆಂ.ಮೀ.ನ ಅಂತಿಮ ವೇಗ ಮುಟ್ಟಿಬಿಡುತ್ತದೆ. ಮೇಲ್ಭಾಗವನ್ನು ಬಿಡುವುದು ಸರಿಯೇ, ಆದರೆ ಎಣ್ಣೆಯ ಮೇಲ್ಮೈ ಮತ್ತು ಕೊಳವೆಯ ತಳ ಚಲನೆಯನ್ನು ಕೆಡಿಸುತ್ತವೆ ಎಂಬುದು ಅದರ ಹೆಚ್ಚು ಗಟ್ಟಿಯಾದ ಕಾರಣ.

ಇನ್ನೂ ದೊಡ್ಡ ಲೋಪ ಗೋಡೆಯದ್ದು. ನಿಧಾನವಾಗಿ ಇಳಿಯುವ ಗುಂಡು ತನ್ನ ತ್ರಿಜ್ಯದ ಹತ್ತು ಪಟ್ಟು ದೂರದ ಎಣ್ಣೆಯನ್ನೂ ಅಲುಗಿಸುತ್ತದೆ. ಆದ್ದರಿಂದ ಕೊಳವೆಯ ಗೋಡೆ ಅದನ್ನು ಹಿಂದಕ್ಕೆ ಎಳೆಯುತ್ತದೆ. 4 ಸೆಂ.ಮೀ. ಒಳವ್ಯಾಸದ ಕೊಳವೆಯಲ್ಲಿ 2 ಮಿ.ಮೀ. ಗುಂಡಿಗೆ ಈ ತಿದ್ದುಪಡಿ ಸುಮಾರು ಶೇ 10, 4 ಮಿ.ಮೀ. ಗುಂಡಿಗೆ ಶೇ 20ಕ್ಕೂ ಹೆಚ್ಚು. ದೊಡ್ಡ ಗುಂಡಿಗೆ ರೆನಾಲ್ಡ್ಸ್ ಸಂಖ್ಯೆಯೂ (ಜಡತ್ವ ಮತ್ತು ಸ್ನಿಗ್ಧತೆಯ ಪ್ರಭಾವಗಳ ಅನುಪಾತ) 1ರ ಆಸುಪಾಸಿಗೆ ಬರುವುದರಿಂದ ಸೂತ್ರವೇ ಸಡಿಲವಾಗುತ್ತದೆ. ಹೀಗಾಗಿ ಗುಂಡು ದೊಡ್ಡದಾದಷ್ಟೂ ಲೆಕ್ಕದಲ್ಲಿ ಬರುವ ಸ್ನಿಗ್ಧತೆ ಹೆಚ್ಚುತ್ತದೆ. ಪ್ರಕೃತಿ ಇಲ್ಲಿ ವಿದ್ಯಾರ್ಥಿಗೆ ಏನನ್ನೋ ಸ್ಪಷ್ಟವಾಗಿ ಹೇಳುತ್ತಿದೆ. ನಾವು ರೆಕಾರ್ಡ್‌ನ ಸ್ನಿಗ್ಧತೆಯ ಕಾಲಂನ ಎಲ್ಲ ಸಂಖ್ಯೆಗಳ ಸರಾಸರಿ ತೆಗೆದು ಅದರ ಬಾಯಿ ಮುಚ್ಚಿಸುತ್ತೇವೆ.

ತಾಪಮಾನದ ಕಥೆಯೂ ಇದೇ. ಹರಳೆಣ್ಣೆಯ ಸ್ನಿಗ್ಧತೆ 20 ಡಿಗ್ರಿಯಲ್ಲಿ ಸುಮಾರು 0.99 ಪ್ಯಾಸ್ಕಲ್ ಸೆಕೆಂಡ್, 30ರಲ್ಲಿ 0.45, 40ರಲ್ಲಿ 0.23. ಅಂದರೆ ಒಂದು ಡಿಗ್ರಿ ಏರಿದರೆ ಶೇ 7ರಷ್ಟು ಇಳಿಕೆ. ಮೇ ತಿಂಗಳ ಕಲಬುರಗಿಯಲ್ಲಿ, ಡಿಸೆಂಬರಿನ ಮಡಿಕೇರಿಯಲ್ಲಿ ಒಂದೇ ಉತ್ತರ ಬರಲು ಸಾಧ್ಯವೇ ಇಲ್ಲ. ಎಣ್ಣೆಯ ತಾಪಮಾನ ಬರೆಯದ ರೆಕಾರ್ಡ್‌ನಲ್ಲಿ ಕೊನೆಯ ಉತ್ತರಕ್ಕೆ ಅರ್ಥವಿಲ್ಲ. ಆದರೂ ಪುಸ್ತಕದ ಬೆಲೆಗೆ ಹತ್ತಿರ ಬಂದ ಉತ್ತರಕ್ಕೆ ಅಂಕ ಸಿಗುತ್ತದೆ. ಉತ್ತರ ಹತ್ತಿರ ಬಾರದವರು ಪಕ್ಕದವರ ರೀಡಿಂಗ್ ನೋಡಿ ತಮ್ಮದನ್ನು ತಿದ್ದಿಕೊಳ್ಳುತ್ತಾರೆ. ತಪ್ಪು ಮಕ್ಕಳದಲ್ಲ, ಅಂಕ ಕೊಡುವ ಪದ್ಧತಿಯದು.

ಸೂತ್ರ ಒಪ್ಪದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಇದೇ ಸೂತ್ರದ ಚರಿತ್ರೆಯಲ್ಲಿ ಉತ್ತರವಿದೆ. ಎಲೆಕ್ಟ್ರಾನಿನ ಆವೇಶ ಅಳೆಯಲು ರಾಬರ್ಟ್ ಮಿಲಿಕನ್ ಗಾಳಿಯಲ್ಲಿ ಇಳಿಯುವ ಎಣ್ಣೆಹನಿಗಳನ್ನು ಹಿಂಬಾಲಿಸಿದಾಗ, ತೀರಾ ಸಣ್ಣ ಹನಿಗಳು ಸ್ಟೋಕ್ಸ್ ಹೇಳಿದ್ದಕ್ಕಿಂತ ವೇಗವಾಗಿ ಬೀಳುತ್ತಿದ್ದವು. ಅಷ್ಟು ಸಣ್ಣ ಹನಿಗೆ ಗಾಳಿ ಅಖಂಡ ದ್ರವವಾಗಿ ಉಳಿಯುವುದಿಲ್ಲ, ಬಿಡಿ ಬಿಡಿ ಅಣುಗಳಾಗುತ್ತದೆ. ಮಿಲಿಕನ್ ಆ ವ್ಯತ್ಯಾಸವನ್ನೇ ಅಳೆದು ಸೂತ್ರವನ್ನು ತಿದ್ದಿದರು. ಆದರೂ 1913ರಲ್ಲಿ ಅವರು ಕೊಟ್ಟ ಬೆಲೆ ಇಂದಿನದಕ್ಕಿಂತ ಶೇ 0.6ರಷ್ಟು ಕಡಿಮೆ, ಮುಖ್ಯ ಕಾರಣ, ಅವರು ಬಳಸಿದ ಗಾಳಿಯ ಸ್ನಿಗ್ಧತೆಯ ಬೆಲೆ ಸರಿಯಿರಲಿಲ್ಲ. ಸ್ನಿಗ್ಧತೆಯನ್ನು ಸರಿಯಾಗಿ ಅಳೆಯುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ. ಎಣ್ಣೆಯೊಳಗೆ ಥರ್ಮಾಮೀಟರ್ ಇಡಿಸಿ. ಸರಾಸರಿ ಬಿಡಿಸಿ, ಗುಂಡು ಮತ್ತು ಕೊಳವೆಯ ತ್ರಿಜ್ಯಗಳ ಅನುಪಾತಕ್ಕೆ ಎದುರಾಗಿ ಸ್ನಿಗ್ಧತೆಯ ಗ್ರಾಫ್ ಎಳೆಸಿ, ಅನುಪಾತ ಸೊನ್ನೆಯಾಗುವ ಕಡೆಗೆ ಗೆರೆಯನ್ನು ಚಾಚಿಸಿ. ಹೊಸ ಉಪಕರಣದ ಹಣ ಬೇಡ, ಒಂದು ಹಾಳೆ ಗ್ರಾಫ್ ಪೇಪರ್ ಸಾಕು. ಉತ್ತರ ಪುಸ್ತಕಕ್ಕೆ ಎಷ್ಟು ಹತ್ತಿರ ಬಂತು ಎಂಬುದಕ್ಕಲ್ಲ, ಏಕೆ ದೂರ ಹೋಯಿತು ಎಂದು ವಿವರಿಸಿದ್ದಕ್ಕೆ ಅಂಕ ಕೊಡಿ.