ಜೋಳದ ಬೇರಿನ ಹಳದಿ ಹನಿ

ಹಣ್ಣಿನ ಗಿಡದ ಬುಡದಲ್ಲಿ ಹುಲ್ಲು ಹಬ್ಬಿದರೆ ಗಿಡ ಸೊರಗುತ್ತದೆ. ಯಾಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ನೀರು, ಗೊಬ್ಬರವನ್ನೆಲ್ಲ ಹುಲ್ಲೇ ಹೀರಿಬಿಟ್ಟಿತು. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ.

ಉಳಿದರ್ಧವನ್ನು ಬೆನ್ನು ಹತ್ತಿದವರು ಇಂಗ್ಲೆಂಡಿನ ವೋಬರ್ನ್ ಹಣ್ಣಿನ ತೋಟದಲ್ಲಿದ್ದ ರಸಾಯನ ವಿಜ್ಞಾನಿ ಸ್ಪೆನ್ಸರ್ ಪಿಕರಿಂಗ್. ತಳ ತೂತಿರುವ ತಟ್ಟೆಗಳಲ್ಲಿ ಹುಲ್ಲು ಬೆಳೆಸಿ, ಅವನ್ನು ಬೇರೆ ಗಿಡಗಳ ಬುಡದ ಮೇಲಿಟ್ಟರು. ಬೇರಿಗೆ ಬೇರು ತಾಗುವಂತಿಲ್ಲ. ಹುಲ್ಲಿನ ಮಣ್ಣಿನಿಂದ ಸೋಸಿದ ನೀರಷ್ಟೇ ಕೆಳಗಿಳಿಯಬೇಕು. ಅಷ್ಟಕ್ಕೇ ಕೆಳಗಿನ ಗಿಡಗಳ ಬೆಳವಣಿಗೆ ಕುಗ್ಗಿತು. ಹುಲ್ಲು ನಂಜು ಬಿಡುತ್ತದೆ ಎಂದು ಅವರು ತೀರ್ಮಾನಿಸಿದರು. ಗಿಡಗಳ ಈ ರಾಸಾಯನಿಕ ಜಗಳಕ್ಕೆ 1937ರಲ್ಲಿ ಹಾನ್ಸ್ ಮೋಲಿಶ್ 'ಅಲೆಲೊಪತಿ' ಎಂದು ಹೆಸರಿಟ್ಟರು.

ನಮ್ಮ ಜೋಳವೂ ಹುಲ್ಲಿನ ಜಾತಿಯೇ. ಎಳೆ ಜೋಳಕ್ಕೆ ದನ ಬಾಯಿ ಹಾಕಿದರೆ ಅಪಾಯವೆಂದು ರೈತರಿಗೆ ಗೊತ್ತು; ಅದು ಎಲೆಯಲ್ಲಿ ಹುಟ್ಟುವ ಸಯನೈಡ್ ನಂಜು. ಬೇರಿನ ನಂಜು ಬೇರೆ. ಮೊಳೆತ ಜೋಳದ ಬೇರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರುರೋಮಗಳ ತುದಿಯಲ್ಲಿ ಹಳದಿ ಎಣ್ಣೆಹನಿಗಳು ಮಿನುಗುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ಸಾರ್ಗೋಲಿಯೋನ್ ಎಂಬ ರಾಸಾಯನಿಕ. ಪಕ್ಕದ ಕಳೆಯ ಎಳೆ ಸಸಿಯೊಳಗೆ ಅದು ಸೇರಿತೆಂದರೆ ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನ್ ಹರಿವನ್ನೇ ತಡೆಯುತ್ತದೆ. ಜೋಳದ ಹೊಲಕ್ಕೆ ಸಿಂಪಡಿಸುವ ಅಟ್ರಜಿನ್ ಕಳೆನಾಶಕ ತಡೆಯುವುದೂ ಅದೇ ಜಾಗದಲ್ಲಿ! ಅಂಗಡಿಯಿಂದ ನಾವು ತರುವ ಮದ್ದಿನ ಕೆಲಸವನ್ನು ಬೆಳೆ ತನ್ನ ಮಟ್ಟಿಗೆ ಮೊದಲೇ ಶುರುಮಾಡಿರುತ್ತದೆ.

ಹಾಗೆಂದು ಜೋಳ ಬಿತ್ತಿ ಕಳೆ ಮರೆತುಬಿಡಬಹುದೇ? ಇಲ್ಲ. ಸಾರ್ಗೋಲಿಯೋನ್ ನೀರಿನಲ್ಲಿ ಅಷ್ಟಾಗಿ ಕರಗದು, ಮಣ್ಣಿಗೆ ಅಂಟಿಕೊಳ್ಳುತ್ತದೆ, ದೂರ ಹೋಗದು. ಅದರ ಏಟು ಹೆಚ್ಚಾಗಿ ಬೀಳುವುದು ಆಗತಾನೇ ಮೊಳೆಯುವ ಸಣ್ಣ ಬೀಜದ ಸಸಿಗಳಿಗೆ. ಬೇರು ಬಿಟ್ಟು ಬಲಿತ ಕಳೆಗೆ ಕುರ್ಪಿಯೇ ಬೇಕು.

ಕೈತೋಟದವರಿಗೆ ಇದರಿಂದ ಎರಡು ಪಾಠ. ಜೋಳ ಕೊಯ್ದ ಮಡಿಯಲ್ಲಿ ತಕ್ಷಣ ಗಜ್ಜರಿ, ರಾಜಗಿರಿಯಂಥ ಸಣ್ಣ ಬೀಜ ಉದುರಿಸಬೇಡಿ. ಕೂಳೆ ಕಿತ್ತು, ಬೇರು ಕೊಳೆಯುವಷ್ಟು ಕಾಲ ಬಿಡಿ. ದಂಟನ್ನು ಸುಡಲೂ ಬೇಡಿ. ಬಲಿತ ಬದನೆ, ಮೆಣಸಿನ ಗಿಡಗಳ ಸಾಲಿನ ನಡುವೆ ಹಾಸಿ. ಬೆಳಕು ತಡೆದು, ತನ್ನ ನಂಜನ್ನೂ ಒಂದಿಷ್ಟು ಸೇರಿಸಿ, ಅದು ಕಳೆಯ ಮೊಳಕೆಯನ್ನು ಹತ್ತಿಕ್ಕುತ್ತದೆ.