ಮಂಡಕ್ಕಿ, ಮಿರ್ಚಿ ಮತ್ತು ಸಂಜೆ

ದಾವಣಗೆರೆ ಎಂದೊಡನೆ ಎಲ್ಲರೂ ಬೆಣ್ಣೆ ದೋಸೆ ಎನ್ನುತ್ತಾರೆ. ಅದರ ಕೀರ್ತಿಗೆ ನನ್ನ ತಕರಾರಿಲ್ಲ. ಆದರೆ ಈ ಊರಿನ ಸಂಜೆ ಮಂಡಕ್ಕಿ-ಮಿರ್ಚಿಯದು, ನನ್ನ ಮನಸ್ಸೂ ಅಲ್ಲೇ.

ಒಗ್ಗರಣೆ ಮಂಡಕ್ಕಿ ಮಾಡುವ ಕೈಯನ್ನು ನಿಂತು ನೋಡಬೇಕು. ಮಂಡಕ್ಕಿಯನ್ನು ನೀರಿಗೆ ಹಾಕಿದ ಕೂಡಲೇ ಎತ್ತಿ ಹಿಂಡಬೇಕು. ಒಂದು ಗಳಿಗೆ ತಡವಾದರೂ ಮುದ್ದೆಯಾಗುತ್ತದೆ. ಬಾಣಲೆಯಲ್ಲಿ ಸಾಸಿವೆ ಸಿಡಿದು, ಈರುಳ್ಳಿ, ಹಸಿಮೆಣಸು, ಕರಿಬೇವು ಬಾಡಿ, ಅರಿಶಿನ ಬಿದ್ದ ಮೇಲೆ ಮಂಡಕ್ಕಿ. ಕೊನೆಗೆ ಪುಟಾಣಿ ಹಿಟ್ಟು ಉದುರಿಸಿದರೆ ಉಳಿದ ಪಸೆಯನ್ನೆಲ್ಲ ಅದು ಹೀರುತ್ತದೆ. ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ಎದ್ದ ಮಿರ್ಚಿ. ಇನ್ನೇನು ಬೇಕು!

ಭದ್ರಾ ನಾಲೆಯ ನೀರಿಗೆ ಈ ಸೀಮೆಯಲ್ಲಿ ಭತ್ತ ಬೆಳೆಯುತ್ತದೆ. ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಉಪ್ಪು ಹಿಡಿಸಿದ ಅಕ್ಕಿ ಕಾದ ಮರಳಿಗೆ ಬಿದ್ದು ಕ್ಷಣದಲ್ಲಿ ಅರಳುತ್ತದೆ. ಆ ಬೆಂಕಿಯ ಮುಂದೆ ದಿನವಿಡೀ ನಿಲ್ಲುವವರ ದುಡಿಮೆ ಸಣ್ಣದಲ್ಲ.

ಮಂಡಕ್ಕಿಯನ್ನು ಒಬ್ಬರೇ ತಿನ್ನುವುದು ನನಗೆ ಸೇರದು. ಹರಿಹರಕ್ಕೆ ಹೋದಾಗಲೂ ಪೊಟ್ಟಣ ಜೊತೆಗಿರುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಶಿವ, ವಿಷ್ಣು ಇಬ್ಬರೂ ಒಂದೇ ಮೂರ್ತಿ. ದರ್ಶನ ಮುಗಿಸಿ ತುಂಗಭದ್ರೆಯ ದಡದಲ್ಲಿ ಪೊಟ್ಟಣ ಬಿಚ್ಚಿದರೆ, ಪಕ್ಕ ಕೂತ ಅಪರಿಚಿತರಿಗೂ "ತಗೊಳ್ರಿ" ಅನ್ನದೆ ಇರಲಾಗದು. ಅವರೂ ಸಂಕೋಚಪಡದೆ ಕೈ ಹಾಕುತ್ತಾರೆ.

ನಮ್ಮೂರಿಗೆ ಬಂದರೆ ಬೆಳಗ್ಗೆ ದೋಸೆ ತಿನ್ನಿ, ಬೇಡವೆನ್ನುವುದಿಲ್ಲ. ಸಂಜೆಯ ಬಸ್ಸು ಮಾತ್ರ ಬಿಡಿ, ಮಂಡಕ್ಕಿ ತಿಂದೇ ಹೊರಡಿ.